ಸ್ಪೋರ್ಟಿ ಹ್ಯಾಚ್‌ಬ್ಯಾಕ್: ವರ್ಷವರ್ಷ ಏರುವ ಬೆಲೆಗೆ ತಕ್ಕ ಬದಲಾವಣೆ ಎಲ್ಲಿದೆ? (ಒಂದು ಚರ್ಚೆ; ಬರೆದವರ ಅಡ್ಡಹೆಸರು ಪ್ರತಿ ಬರಹದ ಮೇಲಿದೆ)

ಗೋಣಿಕೊಪ್ಪ ಗೇರ್

ಹ್ಯುಂಡೈ ಐ20ಯ ಸ್ಪೋರ್ಟಿ ರೂಪವಾದ ಐ20 ಎನ್ ಲೈನ್ ತೆಗೆದುಕೊಳ್ಳುವ ಯೋಚನೆ ಇದೆ. 2021ರ ಸೆಪ್ಟೆಂಬರಿನಲ್ಲಿ ಬಂದಾಗ ಎಕ್ಸ್-ಶೋರೂಂ 9.84 ಲಕ್ಷದಿಂದ ಶುರು. ಆಮೇಲೆ ಜನವರಿ ಬಂತೆಂದರೆ ಒಂದು ಏರಿಕೆ, ಏಪ್ರಿಲ್ ಬಂತೆಂದರೆ ಇನ್ನೊಂದು. 2025ರಲ್ಲಿ ಜಿಎಸ್‌ಟಿ ಇಳಿದಾಗ ಒಮ್ಮೆ ಉಸಿರು ಬಿಟ್ಟದ್ದು ಬಿಟ್ಟರೆ ದಾರಿ ಮೇಲಕ್ಕೇ. ಬ್ರೋಷರ್ ಬಿಡಿಸಿದರೆ ಒಂದು ಬಣ್ಣ ಹೋಗಿ ಇನ್ನೊಂದು ಬಂದಿರುತ್ತದೆ, ಸೀಟಿನ ಹೊಲಿಗೆ ಕೆಂಪಾಗಿರುತ್ತದೆ.

ನನ್ನ ಪ್ರಶ್ನೆ ಇಷ್ಟೆ. 2021ರಿಂದ ಈಚೆಗೆ ಈ ಗಾಡಿಯಲ್ಲಿ ಓಡಿಸುವವನ ಕೈಗೆ ಕಾಲಿಗೆ ಗೊತ್ತಾಗುವಂಥ ಬದಲಾವಣೆ ಯಾವುದು? ಮುಂದಿನ ಅಪ್‌ಡೇಟಿಗೆ ಕಾಯುವುದರಲ್ಲಿ ಅರ್ಥ ಇದೆಯಾ, ಅಥವಾ ಹಳೆಯದೊಂದನ್ನು ಹುಡುಕಿದರೆ ಸಾಕಾ? ಓಡಾಟ ದಿನಾ ಗೋಣಿಕೊಪ್ಪ–ವಿರಾಜಪೇಟೆ, ತಿಂಗಳಿಗೆ ಎರಡು ಸಲ ತಿತಿಮತಿ ಕಾಡು ದಾಟಿ ಮೈಸೂರು, ಆಗಾಗ ಸಂಪಾಜೆ ಘಾಟಿ ಇಳಿದು ಮಂಗಳೂರು. ಮನೆಯ ಗೇಟಿನಿಂದ ಅಂಗಳಕ್ಕೆ ಕಡಿದಾದ ಏರು. ಟಾಟಾದ ಆಲ್ಟ್ರೋಜ್ ರೇಸರ್ ಕೂಡ ಮನಸ್ಸಿನಲ್ಲಿದೆ.

ತಿರುವು ನಂಬರ್ 7

ಸರ್, ಬ್ರೋಷರನ್ನು ಮಡಚಿಟ್ಟು ಐದೇ ಜಾಗ ನೋಡಿ: ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಸಸ್ಪೆನ್ಶನ್, ಸುರಕ್ಷತೆ. ಇದರಲ್ಲಿ ಯಾವುದೂ ಕದಲದೆ ಬೆಲೆ ಏರಿದ್ದರೆ ಅದು ಅಪ್‌ಡೇಟ್ ಅಲ್ಲ, ಏರಿಕೆ ಅಷ್ಟೆ.

ಎಂಜಿನ್ ಮೊದಲ ದಿನದಿಂದ ಅದೇ. 998 ಸಿಸಿ, ಮೂರು ಸಿಲಿಂಡರ್, ಟರ್ಬೊ, 120 ಪಿಎಸ್, 1,500ರಿಂದ 4,000 ಆರ್‌ಪಿಎಂವರೆಗೆ 172 ನ್ಯೂಟನ್ ಮೀಟರ್. 2023ರ ಏಪ್ರಿಲಿನಲ್ಲಿ ಬಿಎಸ್6 ಎರಡನೇ ಹಂತ ಬಂದಾಗ ಎಲ್ಲ ಕಂಪನಿಗಳ ಗಾಡಿಗಳಂತೆ ಇದಕ್ಕೂ ಹೊಗೆಯ ನಿಯಮಕ್ಕಾಗಿ ಕೆಲಸ ಆಯಿತು. ಅದರ ಖರ್ಚು ಬೆಲೆಗೆ ಸೇರಿತು, ಆದರೆ ನಿಮ್ಮ ಬಲಗಾಲಿಗೆ ಏನೂ ಗೊತ್ತಾಗುವುದಿಲ್ಲ. ಬೆಲೆ ಏರಿಕೆಯ ಒಂದು ಪಾಲು ಹೀಗೆ ಕಾನೂನಿನದು. ಅದನ್ನು ಕಂಪನಿಯ ತಲೆಗೆ ಕಟ್ಟುವುದೂ ತಪ್ಪು, ಹೊಸ ಫೀಚರ್ ಎಂದು ಹೇಳಿ ಮಾರುವುದೂ ತಪ್ಪು.

ನಿಜವಾದ ಬದಲಾವಣೆ ಆದದ್ದು ಒಂದೇ ಸಲ, 2023ರ ಸೆಪ್ಟೆಂಬರಿನ ಫೇಸ್‌ಲಿಫ್ಟಿನಲ್ಲಿ. ಕ್ಲಚ್ ಪೆಡಲ್ ಇಲ್ಲದ ಐಎಂಟಿ ಗೇರ್‌ಬಾಕ್ಸ್ ತೆಗೆದು ಮೂರು ಪೆಡಲಿನ 6 ಸ್ಪೀಡ್ ಮ್ಯಾನುಯಲ್ ಕೊಟ್ಟರು. 6 ಏರ್‌ಬ್ಯಾಗ್, ಇಎಸ್‌ಸಿ (ಜಾರುವ ಗಾಡಿಯನ್ನು ಹತೋಟಿಗೆ ತರುವ ವ್ಯವಸ್ಥೆ), ಹಿಲ್ ಅಸಿಸ್ಟ್ (ಏರಿನಲ್ಲಿ ಹೊರಡುವಾಗ ಹಿಂದಕ್ಕೆ ಜಾರದಂತೆ ತಡೆಯುವುದು), ಐದೂ ಸೀಟಿಗೆ ಮೂರು ಪಾಯಿಂಟಿನ ಬೆಲ್ಟ್ ಎಲ್ಲ ವೇರಿಯಂಟಿಗೂ ಬಂತು. ಶುರುವಿನ ಬೆಲೆ 9.99 ಲಕ್ಷ. ಅಂದರೆ ಎರಡು ವರ್ಷಕ್ಕೆ ಶುರುವಿನ ಬೆಲೆಯಲ್ಲಿ 15,000 ಹೆಚ್ಚು. ಆ 15,000ಕ್ಕೆ ಗೇರ್‌ಬಾಕ್ಸೂ ಸುರಕ್ಷತೆಯೂ ಬಂದಿದ್ದರೆ ಅದು ನ್ಯಾಯದ ಬೆಲೆಯೇ. ಅದರ ಆಚೆಗಿನ ಏರಿಕೆಗಳಲ್ಲಿ ನನಗಂತೂ ಮೆಕ್ಯಾನಿಕಲ್ ಆದದ್ದು ಏನೂ ಕಾಣಲಿಲ್ಲ.

ಇಲ್ಲೊಂದು ಮಾತು. ಐ20ಯನ್ನು 2022ರಲ್ಲಿ ಕ್ರ್ಯಾಶ್ ಟೆಸ್ಟ್ ಮಾಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ಗುದ್ದಿಸಿ ನೋಡಿದಾಗ 3 ಸ್ಟಾರ್ ಬಂತು, ಬಾಡಿ ಶೆಲ್ ಅಸ್ಥಿರ ಎಂದರು. ಅದು 2 ಏರ್‌ಬ್ಯಾಗಿನ ಗಾಡಿ. ಏರ್‌ಬ್ಯಾಗ್ 6 ಆದರೆ ಒಳ್ಳೆಯದೇ, ಆದರೆ ಚೀಲ ಹೆಚ್ಚಿದ ಮಾತ್ರಕ್ಕೆ ತಗಡು ಗಟ್ಟಿಯಾಗುವುದಿಲ್ಲ. ಆಲ್ಟ್ರೋಜ್ 2020ರಲ್ಲೇ 5 ಸ್ಟಾರ್ ತೆಗೆದುಕೊಂಡ ಗಾಡಿ. ಸುರಕ್ಷತೆಗೆಂದೇ ದುಡ್ಡು ಕೊಡುವವರು ಈ ವ್ಯತ್ಯಾಸವನ್ನು ಮೊದಲು ನೋಡಬೇಕು.

ಅಪ್‌ಡೇಟ್ ಅಂದರೆ ಹೇಗಿರಬೇಕು ಅಂತ ಕೇಳಿದರೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಯನ್ನು ತೋರಿಸಬಹುದು. 2020ರಲ್ಲಿ ನಾಲ್ಕು ಸಿಲಿಂಡರಿನ 1.2 ಹೋಗಿ ಮೂರು ಸಿಲಿಂಡರಿನ 1.0 ಬಂತು, ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಆದ 7 ಸ್ಪೀಡ್ ಡಿಎಸ್‌ಜಿ ಹೋಗಿ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಬಂತು. ಇಷ್ಟವಾಗಲಿ ಬಿಡಲಿ, ಕಣ್ಣು ಮುಚ್ಚಿ ಕೂತರೂ ಬೇರೆ ಗಾಡಿ ಅಂತ ಗೊತ್ತಾಗುತ್ತಿತ್ತು. ಎರಡು ವರ್ಷಕ್ಕೆ ಪೋಲೊವೇ ನಿಂತುಹೋಯಿತು, ಅದು ಬೇರೆ ಮಾತು.

ಲೆಕ್ಕದ ಬುಕ್ಕು

ಅಪ್‌ಡೇಟಿನ ಚರ್ಚೆ ಚೆನ್ನಾಗಿದೆ, ಆದರೆ ಜೇಬಿಗೆ ಕತ್ತರಿ ಬೀಳುವುದು ಬೇರೆ ಕಡೆ. ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ನೋಡಿ. 5ರಿಂದ 10 ಲಕ್ಷದ ಗಾಡಿಗೆ ಶೇ. 14, 10 ಲಕ್ಷ ದಾಟಿದರೆ ಶೇ. 17. ತೆರಿಗೆಯ ಮೇಲೆ ಶೇ. 11 ಸೆಸ್ ಸೇರಿದರೆ ಕ್ರಮವಾಗಿ 15.54 ಮತ್ತು 18.87. ದಾಟಿದ ಭಾಗಕ್ಕೆ ಮಾತ್ರ ಹೆಚ್ಚಲ್ಲ, ಪೂರ್ತಿ ಬೆಲೆಗೇ ಹೆಚ್ಚು. ಎಡವುವುದು ಇಲ್ಲೇ.

2025ರ ಸೆಪ್ಟೆಂಬರ್ 22ಕ್ಕೆ ಮುಂಚೆ 4 ಮೀಟರಿನೊಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 28, ಸೆಸ್ 1, ಒಟ್ಟು 29. ಈಗ 18. ಐ20ಯೂ ಆಲ್ಟ್ರೋಜೂ ಎರಡೂ ಇದರೊಳಗೇ ಬರುತ್ತವೆ. ಆಗ 11 ಲಕ್ಷ ಇದ್ದ ಗಾಡಿಯ ತೆರಿಗೆ ಬಿಟ್ಟ ಬೆಲೆ 11 ಭಾಗಿಸು 1.29, ಅಂದರೆ 8.53 ಲಕ್ಷ. ಅದಕ್ಕೆ 18 ಸೇರಿಸಿದರೆ 10,06,200. ಎಷ್ಟು ಕೆಟ್ಟ ಜಾಗದಲ್ಲಿ ನಿಂತಿತು ನೋಡಿ. 10,00,000ದ ಗಾಡಿಗೆ ಲೈಫ್ ಟ್ಯಾಕ್ಸ್ 1,55,400. 10,06,200ಕ್ಕೆ 1,89,870. ಮೇಲಿನ 6,200 ರೂಪಾಯಿಗೆ ಟ್ಯಾಕ್ಸಿನಲ್ಲಿ 34,470 ಹೆಚ್ಚು. ಸಾಲದ್ದಕ್ಕೆ 10 ಲಕ್ಷ ದಾಟಿದ ಗಾಡಿಗೆ ಶೇ. 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ), ಇನ್ನೊಂದು 10,062. ಟಿಸಿಎಸ್ ಇನ್‌ಕಂ ಟ್ಯಾಕ್ಸ್ ರಿಟರ್ನಿನಲ್ಲಿ ವಾಪಸ್ ಕೇಳಬಹುದು, ಆದರೆ ಅಲ್ಲಿವರೆಗೆ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ.

ಆದ್ದರಿಂದ 'ಈ ವರ್ಷ ಎಷ್ಟು ಏರಿದೆ' ಎನ್ನುವುದಕ್ಕಿಂತ 'ನನಗೆ ಬೇಕಾದ ವೇರಿಯಂಟ್ 10 ಲಕ್ಷದ ಯಾವ ಕಡೆ ಇದೆ' ಅಂತ ಕೇಳಿ. ಎರಡು ಬಣ್ಣದ ಪೇಂಟ್ ಬೇಕು ಅಂತ ಹಟ ಹಿಡಿದು ಗೆರೆ ದಾಟಿದರೆ ಆ ಪೇಂಟಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಸರ್ಕಾರಕ್ಕೆ ಹೋಗುತ್ತದೆ.

ಇನ್ಶೂರೆನ್ಸಿನಲ್ಲೂ ಒಂದು ಸಣ್ಣ ಗೆರೆ ಇದೆ. 2022ರ ಜೂನಿನ ದರಪಟ್ಟಿಯಲ್ಲಿ ಹೊಸ ಗಾಡಿಯ ಮೂರು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 1,000 ಸಿಸಿ ಒಳಗೆ 6,521, ಅದು ದಾಟಿದರೆ 10,640. ಐ20 ಎನ್ ಲೈನ್ 998, ರೇಸರ್ 1,199. ದೊಡ್ಡ ಮೊತ್ತ ಅಲ್ಲ, ಹೋಲಿಸುವಾಗ ತಲೆಯಲ್ಲಿರಲಿ.

ಕಾಯುವ ಬಗ್ಗೆ: ಕೊಡಗಿನವರಿಗೆ ಅನುಕೂಲದ ತಿಂಗಳು ಮಾರ್ಚ್. ರೊಬಸ್ಟಾ ಕೊಯ್ಲಿನ ದುಡ್ಡು ಕೈಗೆ ಬಂದಿರುತ್ತದೆ, ಶೋರೂಮಿನವರಿಗೆ ಹಿಂದಿನ ವರ್ಷದ ಗಾಡಿ ಖಾಲಿ ಮಾಡುವ ತರಾತುರಿ. ಅಪ್‌ಡೇಟ್ ಬರೀ ಬಣ್ಣದ್ದಾದರೆ ಹಿಂದಿನ ವರ್ಷದ ಗಾಡಿ ತೆಗೆದುಕೊಳ್ಳಲು ಹಿಂಜರಿಯಬೇಡಿ, ಆದರೆ ರಿಯಾಯಿತಿ ಗಟ್ಟಿಯಾಗಿ ಕೇಳಿ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗುತ್ತದೆ, ಮುಂದೆ ಕೊಳ್ಳುವವ ಅದನ್ನೇ ನೋಡುತ್ತಾನೆ. ಅಡ್ವಾನ್ಸ್ ಕೊಡುವ ಮೊದಲು ಗಾಡಿಯ ಹತ್ತಿರ ನಿಂತು ಟಯರ್ ಬದಿಯ ನಾಲ್ಕು ಅಂಕಿ ಓದಿ. 3524 ಅಂದರೆ 2024ರ 35ನೇ ವಾರದ ಟಯರ್. ಬ್ಯಾಟರಿಯ ತಾರೀಕೂ ನೋಡಿ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತ ಗಾಡಿಗೆ ಮೊದಲು ಸಾಯುವುದು ಬ್ಯಾಟರಿ. ಹೊಸದು ಹಾಕಿಸಿಕೊಡಿ ಅಂತ ಬಿಲ್ ಆಗುವ ಮುಂಚೆಯೇ ಬರೆಸಿಕೊಳ್ಳಿ.

ಗೋಣಿಕೊಪ್ಪ ಗೇರ್

ಲೆಕ್ಕದ ಅಣ್ಣ, 34,000ದ ಗೆರೆ ಗೊತ್ತೇ ಇರಲಿಲ್ಲ, ಉಪಕಾರ ಆಯಿತು. ಹಾಗಾದರೆ ಮುಂದಿನ ಪ್ರಶ್ನೆ. ಮ್ಯಾನುಯಲ್ಲಾ, ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಆದ ಡಿಸಿಟಿಯಾ? ಸೆಕೆಂಡ್ ಹ್ಯಾಂಡಿನಲ್ಲಿ 2022ರ ಐಎಂಟಿ ಗಾಡಿಗಳು ಸಾಕಷ್ಟು ಕಾಣುತ್ತವೆ. ನಮ್ಮ ರಸ್ತೆಗೆ ಯಾವುದು ಸರಿ?

ಜೋಡುಪಾಲದ ಇಳಿಜಾರು

ಮಾರಾಯ್ರೆ, ಅಂಗಳಕ್ಕೆ ಕಡಿದಾದ ಏರು ಅಂದಿರಲ್ಲ, ಉತ್ತರ ಅಲ್ಲೇ ಇದೆ.

ಐಎಂಟಿಯಲ್ಲಿ ಕ್ಲಚ್ ಪೆಡಲ್ ಇಲ್ಲ, ಕ್ಲಚ್ ಪ್ಲೇಟ್ ಇದ್ದೇ ಇದೆ. ಗೇರ್ ಲಿವರಿನ ಸೆನ್ಸರ್ ನಿಮ್ಮ ಕೈಯ ಇಂಗಿತ ತಿಳಿದು ಆಕ್ಚುಯೇಟರಿಗೆ ಹೇಳುತ್ತದೆ, ಅದು ಕ್ಲಚ್ ಒತ್ತುತ್ತದೆ. ಪೇಟೆಯ ಟ್ರಾಫಿಕ್ಕಿಗೆ ಸುಖ. ಒದ್ದೆ ಏರಿನಲ್ಲಿ ರಿವರ್ಸ್ ಹೋಗುವಾಗ ಕಷ್ಟ, ಯಾಕೆಂದರೆ ಕ್ಲಚ್ಚನ್ನು ಕೂದಲೆಳೆಯಷ್ಟು ಜಾರಿಸಿ ಗಾಡಿ ಇಂಚಿಂಚು ಸರಿಸುವ ಕೆಲಸ ನಿಮ್ಮ ಕಾಲಲ್ಲಿಲ್ಲ. ಅದಕ್ಕೇ 2023ರ ಮ್ಯಾನುಯಲ್ ನನ್ನ ಪ್ರಕಾರ ಇಡೀ ಐದು ವರ್ಷದ ಒಂದೇ ಒಂದು ದುಡ್ಡು ಕೊಡಬಹುದಾದ ಅಪ್‌ಡೇಟ್.

ಡಿಸಿಟಿ 7 ಸ್ಪೀಡ್, ಡ್ರೈ ಕ್ಲಚ್. ಓಡುತ್ತಿರುವಾಗ ಬಹಳ ಚೆಂದ. ಆದರೆ ಡ್ರೈ ಅಂದರೆ ಕ್ಲಚ್ಚಿಗೆ ಎಣ್ಣೆಯ ತಂಪು ಇಲ್ಲ. ರಜೆಯ ದಿನ ಮಡಿಕೇರಿ ಪೇಟೆಯ ಏರಿನಲ್ಲಿ ಟೂರಿಸ್ಟ್ ಗಾಡಿಗಳ ಸಾಲು ನಿಂತಾಗ ಅರ್ಧರ್ಧ ಗಾಡಿಯುದ್ದ ಸರಿಯುತ್ತ ಹೋದರೆ ಕ್ಲಚ್ ಜಾರುತ್ತಲೇ ಇರುತ್ತದೆ, ಕಾಯುತ್ತದೆ, ನಡುಗುತ್ತದೆ. ಮಾಡಬೇಕಾದ್ದು ಇಷ್ಟೆ: ಏರಿನಲ್ಲಿ ಆಕ್ಸಿಲರೇಟರಿನಿಂದ ಗಾಡಿ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ ನಿಲ್ಲಿ. ಮುಂದೆ ಎರಡು ಮೂರು ಗಾಡಿಯ ಜಾಗ ಬಿಟ್ಟ ಮೇಲೆ ಒಮ್ಮೆಗೇ ಹೊರಡಿ. ಹಿಂದಿನವ ಹಾರ್ನ್ ಹೊಡೆಯಲಿ ಬಿಡಿ, ಕ್ಲಚ್ಚಿನ ಬಿಲ್ ಅವನು ಕೊಡುವುದಿಲ್ಲ.

ಸಂಪಾಜೆ ಇಳಿಯುವಾಗ ಡಿಸಿಟಿಯನ್ನು ಡಿಯಲ್ಲಿ (ಡ್ರೈವ್) ಬಿಟ್ಟರೆ ಅದು ಮೇಲಿನ ಗೇರ್ ಹುಡುಕುತ್ತದೆ, ನೀವು ಬ್ರೇಕ್ ತುಳಿಯುತ್ತಲೇ ಇರುತ್ತೀರಿ. ಮದೆನಾಡು ದಾಟುವ ಮುಂಚೆಯೇ ಮ್ಯಾನುಯಲ್ ಮೋಡಿಗೆ ತಂದು 3ರಲ್ಲಿ ಹಿಡಿಯಿರಿ, ಹೇರ್‌ಪಿನ್ನಿಗೆ 2. ಬ್ರೇಕನ್ನು ಸಣ್ಣಗೆ ಉದ್ದಕ್ಕೆ ಒತ್ತಬೇಡಿ, ಗಟ್ಟಿಯಾಗಿ ಒಂದೆರಡು ಸೆಕೆಂಡ್ ಒತ್ತಿ ಬಿಡಿ.

ಬ್ರೇಕ್ ಫ್ಲೂಯಿಡ್ ಮರೆಯುವವರೇ ಹೆಚ್ಚು. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಡಾಟ್ 3 ಆದರೆ 205 ಮತ್ತು 140. ಕಕ್ಕಡದ (ಜುಲೈ–ಆಗಸ್ಟಿನ) ಮಳೆಯಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರಿದು, ಫ್ಲೂಯಿಡ್ ತೇವ ಹೀರದೆ ಇರುತ್ತದಾ? ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಬರೀ ಟಾಪ್-ಅಪ್ ಅಲ್ಲ. ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನಂತಾದರೆ ಫ್ಲೂಯಿಡ್ ಕುದ್ದು ಗುಳ್ಳೆ ಎದ್ದಿದೆ ಅಂತ ಅರ್ಥ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ತಿರುವು ನಂಬರ್ 7

ಎನ್ ಲೈನಿನಲ್ಲಿ ಹಿಂದಿನ ಚಕ್ರಕ್ಕೂ ಡಿಸ್ಕ್ ಇದೆ, ರೇಸರಿನಲ್ಲಿ ಡ್ರಮ್. ಸಂಪಾಜೆಯಂಥ ಇಳಿಜಾರಿಗೆ ಇದೂ ಬೆಲೆಯ ಸಮರ್ಥನೆ ಆಗಲೇಬೇಕಲ್ಲ?

ಜೋಡುಪಾಲದ ಇಳಿಜಾರು

ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬೀಳುತ್ತದೆ, ದುಡಿಯುವುದು ಮುಂದಿನ ಬ್ರೇಕು. ಹಿಂದಿನ ಡಿಸ್ಕಿನ ಲಾಭ ಏನೆಂದರೆ ಬೇಗ ತಣಿಯುತ್ತದೆ, ನೀರು ಬಿದ್ದರೆ ಬೇಗ ಒಣಗುತ್ತದೆ. ಕೆಲಸವೂ ಹೆಚ್ಚುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಶೆಡ್ಡಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದರೆ ಪ್ಯಾಡು ಡಿಸ್ಕಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಹೊರಡುವಾಗ 'ಟಕ್' ಅಂತ ಬಿಡುತ್ತದೆ, ಕೆಲವೊಮ್ಮೆ ಪ್ಯಾಡಿನ ಅಂಚೇ ಕಿತ್ತು ಬರುತ್ತದೆ. ಸಮತಟ್ಟು ಜಾಗ ನೋಡಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಬೇಡ. ಇಲ್ಲಿಯ ಕೆಂಪು ಕೆಸರು ಕ್ಯಾಲಿಪರಿನ ಸ್ಲೈಡ್ ಪಿನ್ನಿಗೆ ಹೊಕ್ಕರೆ ಒಂದು ಬದಿಯ ಪ್ಯಾಡು ಮಾತ್ರ ಸವೆಯುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಅಕ್ಟೋಬರಿನಲ್ಲಿ, ಪಿನ್ ಬಿಚ್ಚಿ ಒರೆಸಿ ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸಿ. ಮಾಮೂಲಿ ಚಾಸಿಸ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಇನ್ನಷ್ಟು ಬಿಗಿಯುತ್ತದೆ.

ಟರ್ಬೊಗೆ ದುಡ್ಡು ಕೊಡುವುದು ಮಾತ್ರ ಇಲ್ಲಿ ದಂಡ ಅಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಶೇ. 13ರಷ್ಟು ಕಡಿಮೆ. ಸಾಮಾನ್ಯ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಅದರ ಬಹುಪಾಲನ್ನು ತುಂಬಿಕೊಳ್ಳುತ್ತದೆ. ಎಂಜಿನ್ 1,500 ಆರ್‌ಪಿಎಂ ಕೆಳಗೆ ಇಳಿದರೆ ಮಾತ್ರ ಸತ್ತ ಹಾಗಿರುತ್ತದೆ. ಹೇರ್‌ಪಿನ್ನಿಗೆ ನುಗ್ಗುವ ಮುಂಚೆಯೇ ಗೇರ್ ಇಳಿಸಿ, ತಿರುವಿನ ನಡುವೆ ಅಲ್ಲ. ಏರು ಮುಗಿಸಿದ ಕೂಡಲೆ ಎಂಜಿನ್ ಆಫ್ ಮಾಡಬೇಡಿ, ಅರ್ಧ ನಿಮಿಷ ಒಂದು ನಿಮಿಷ ಐಡಲಿನಲ್ಲಿ ಬಿಡಿ.

ಹಳೇ ಆರ್‌ಸಿ

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಬರೀ ಎನ್ ಲೈನ್ ಬೋರ್ಡ್ ಹಿಡಿದು ಹುಡುಕಬೇಡಿ. 2020ರ ನವೆಂಬರಿನಿಂದ 2023ರ ಫೇಸ್‌ಲಿಫ್ಟ್‌ವರೆಗೆ ಸಾಮಾನ್ಯ ಐ20ಯಲ್ಲೂ ಇದೇ 1.0 ಟರ್ಬೊ ಸಿಗುತ್ತಿತ್ತು, ಐಎಂಟಿ ಮತ್ತು ಡಿಸಿಟಿ ಎರಡರಲ್ಲೂ. ಹಿಂದಿನ ಡಿಸ್ಕ್, ಬಿಗಿ ಸಸ್ಪೆನ್ಶನ್, ಸೈಲೆನ್ಸರಿನ ಸದ್ದು ಇರುವುದಿಲ್ಲ. ತಿತಿಮತಿಯ ಹಂಪುಗಳ ಮೇಲೆ ಹಿಂದಿನ ಸೀಟಿನಲ್ಲಿ ಹಿರಿಯರು ಕೂತಿದ್ದರೆ ಮೆತ್ತಗಿನ ಸಸ್ಪೆನ್ಶನ್ನೇ ವಾಸಿ.

ನೋಡುವ ಕ್ರಮ ಹೇಳುತ್ತೇನೆ. ಗಾಡಿಯನ್ನು ತಣ್ಣಗಿರುವಾಗಲೇ ನೋಡಬೇಕು. ಮಾರುವವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಡಿಪ್‌ಸ್ಟಿಕ್ ಎಳೆದು ಮೂಸಿ. ಇದು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಕೈಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ ಪೆಟ್ರೋಲ್ ವಾಸನೆ ಬಂದರೆ ಆ ಗಾಡಿ ತೋಟದಿಂದ ಪೇಟೆಗೆ ಮಾತ್ರ ಓಡಿದೆ ಅಂತ ತಿಳಿಯಿರಿ. ಇಂಥ ಎಂಜಿನ್ನಿನ ಇನ್‌ಟೇಕ್ ವಾಲ್ವಿನ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ, ಹಾಗಾಗಿ ಕರಿ ಕಟ್ಟುತ್ತದೆ. ತಣ್ಣಗಿರುವಾಗ ಐಡಲ್ ಕುಂಟುತ್ತಿದ್ದರೆ ಅದೂ ಒಂದು ಕಾರಣ. ಗಾಡಿ ನಿಮ್ಮದಾದ ಮೇಲೆ ಆಯಿಲಿಗೆ 10,000 ಕಿಲೋಮೀಟರ್ ಕಾಯಬೇಡಿ, 5,000ಕ್ಕೋ ಆರು ತಿಂಗಳಿಗೋ ಬದಲಿಸಿ.

ಆಮೇಲೆ ಟರ್ಬೊದ ಪೈಪುಗಳ ಕೀಲಿನಲ್ಲಿ ಬೆರಳಾಡಿಸಿ. ತೆಳ್ಳಗೆ ಆಯಿಲ್ ಪಸೆ ಇದ್ದರೆ ಪರವಾಗಿಲ್ಲ, ತೊಟ್ಟಿಕ್ಕುತ್ತಿದ್ದರೆ ಬಿಡಿ. ಡಿಸಿಟಿಯಾದರೆ ಒಂದು ಏರಿನಲ್ಲಿ ನಿಲ್ಲಿಸಿ, ಹತ್ತು ಸಲ ನಿಂತು ಹೊರಟು ನೋಡಿ. ಒಂದರಿಂದ ಎರಡಕ್ಕೆ ಹೋಗುವಾಗ ನಡುಕ, ರಿವರ್ಸಿನಲ್ಲಿ ಜರ್ಕ್ ಇದ್ದರೆ ಕ್ಲಚ್ ದಣಿದಿದೆ. ಐಎಂಟಿಯಾದರೆ 4ನೇ ಗೇರಿನಲ್ಲಿ 40ಕ್ಕೆ ಓಡಿಸಿ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಸ್ಪೀಡ್ ಏರದೆ ಆರ್‌ಪಿಎಂ ಮಾತ್ರ ಜಿಗಿದರೆ ಪ್ಲೇಟ್ ಮುಗಿದಿದೆ.

ಮಳೆ ನೀರು ಕುಡಿದ ಗಾಡಿಯಾ ಅಂತ ತಿಳಿಯಲು ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆಯಿರಿ, ಒಳಗಿನ ಪಟ್ಟಿಯ ಬುಡದಲ್ಲಿ ಮಣ್ಣಿನ ಗೆರೆ ಇದೆಯಾ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ. ಕಾರ್ಪೆಟ್ ತೊಳೆದು ಕೊಡುವವರು ಅಲ್ಲಿಗೆ ಕೈ ಹಾಕುವುದಿಲ್ಲ.

ಗೋಣಿಕೊಪ್ಪ ಗೇರ್

ಹಾಗಾದರೆ ನನ್ನ ಮಟ್ಟಿಗೆ 10 ಲಕ್ಷದ ಒಳಗಿನ 2023ರ ನಂತರದ ಮ್ಯಾನುಯಲ್, ಹೊಸದಾದರೆ ಮಾರ್ಚಿನಲ್ಲಿ. ಉಳಿದ ದುಡ್ಡಿಗೆ ಟಯರಿನ ಅಗಲವನ್ನು 205 ಮಿಲಿಮೀಟರಿಗೆ ಏರಿಸುವ ಆಸೆ, ಅದರ ಬಗ್ಗೆ ಯಾರಾದರೂ ಹೇಳಿ.

ತಿರುವು ನಂಬರ್ 7

ಕಂಪನಿಯದು 195/55 ಆರ್16, ವ್ಯಾಸ ಸುಮಾರು 621 ಮಿಲಿಮೀಟರ್. 205/55 ಹಾಕಿದರೆ 632. ಸ್ಪೀಡೋಮೀಟರ್ ಲೆಕ್ಕದಲ್ಲಿ ಶೇ. 1.8 ವ್ಯತ್ಯಾಸ, ಅದು ದೊಡ್ಡದಲ್ಲ. ಆದರೆ ಮಳೆಯಲ್ಲಿ ಅಗಲದ ಟಯರ್ ನೀರಿನ ಮೇಲೆ ಬೇಗ ತೇಲುತ್ತದೆ, ಕಾಫಿ ಎಲೆ ಉದುರಿದ ಒದ್ದೆ ತಿರುವಿಗೆ ಅಗಲ ಸಹಾಯ ಮಾಡುವುದಿಲ್ಲ. ಅದೇ ಅಳತೆಯಲ್ಲಿ ಒದ್ದೆ ಹಿಡಿತ ಚೆನ್ನಾಗಿರುವ ಟಯರ್ ಆರಿಸಿ. ಸವೆತದ ಗುರುತು 1.6 ಮಿಲಿಮೀಟರಿಗೆ ಇರುತ್ತದೆ, ನಮ್ಮ ಮಳೆಗೆ ಅಲ್ಲಿವರೆಗೆ ಕಾಯಬೇಡಿ. ಮೇ ಕೊನೆಗೆ ಗೇಜ್ ಇಟ್ಟು ನೋಡಿ, 3ಕ್ಕಿಂತ ಕಡಿಮೆ ಇದ್ದರೆ ಜೂನಿಗೆ ಮುಂಚೆ ಬದಲಿಸಿ. ಗಾಳಿಯನ್ನು ಬೆಳಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಮೈಸೂರಿಗೆ ಹೋಗಿ ಬಿಸಿ ಟಯರಿಗೆ ಅಳೆದು ಗಾಳಿ ತೆಗೆಸಿದರೆ ಮರುದಿನ ಊರಿನಲ್ಲಿ ಕಡಿಮೆಯಾಗಿರುತ್ತದೆ.